ಓದುಗರ ಪ್ರಶ್ನೆ, ಅಕ್ಕೋರ ಉತ್ತರ: ಗರಿಯ ಹಾವು, ಇಪ್ಪತ್ತರ ಲೆಕ್ಕ

ಕಳೆದ ತಿಂಗಳು ಈ ಅಂಕಣದಲ್ಲಿ ಶೂನ್ಯ ನೆರಳಿನ ದಿನದ ಬಗ್ಗೆ ಬರೆದಿದ್ದೆ. ಮೇ 9 ಮತ್ತು ಆಗಸ್ಟ್ 3ರ ಆಸುಪಾಸು ಕಲಬುರಗಿಯಲ್ಲಿ ಮಧ್ಯಾಹ್ನ ಸೂರ್ಯ ನೆಟ್ಟಗೆ ನೆತ್ತಿಯ ಮೇಲೆ ಬರುತ್ತಾನೆ, ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ ಎಂದಿದ್ದೆ. ಕೊನೆಗೆ ಒಂದು ಸಾಲು ಸೇರಿಸಿದ್ದೆ: "ಭೂಮಿಯ ಆ ಬದಿಗೆ, ಮಾಯಾ ಜನರ ಟಿಕಾಲ್ ನಗರದಲ್ಲೂ ಅದೇ ದಿನಗಳಲ್ಲಿ ನೆರಳು ಮಾಯವಾಗುತ್ತದೆ." ಆ ಒಂದು ಸಾಲು ಹಿಡಿದು ಇಷ್ಟೊಂದು ಪತ್ರ ಬಂದಿವೆ. ಹಾಗಾಗಿ ಈ ಸಲ ಪೂರ್ತಿ ಮಾಯಾ ಜನರ ವಿಷಯವೇ.

ಪ್ರಶ್ನೆ: ಅಕ್ಕೋರೆ, ಈ ಟಿಕಾಲ್ ಎಲ್ಲಿದೆ? ಅದಕ್ಕೂ ನಮ್ಮ ಊರಿಗೂ ಏನು ಸಂಬಂಧ?
– ಓದುಗರೊಬ್ಬರು, ಬ್ರಹ್ಮಪುರ, ಕಲಬುರಗಿ

ಸಂಬಂಧ ಸೂರ್ಯನದು. ಟಿಕಾಲ್ ಇರುವುದು ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದಲ್ಲಿ, ಉತ್ತರದ ಕಾಡಿನೊಳಗೆ. ಅದರ ಅಕ್ಷಾಂಶ 17.2 ಡಿಗ್ರಿ ಉತ್ತರ. ಕಲಬುರಗಿಯದು 17.3. ಗೋಡೆಯ ನಕ್ಷೆಯ ಮೇಲೆ ಕಲಬುರಗಿಯಿಂದ ಎಡಕ್ಕೆ ಬೆರಳು ಎಳೆಯುತ್ತಾ ಹೋಗಿ. ಅರಬ್ಬಿ ಸಮುದ್ರ, ಆಫ್ರಿಕಾದ ಮರಳುಗಾಡು, ಅಟ್ಲಾಂಟಿಕ್, ಎಲ್ಲ ದಾಟಿದ ಮೇಲೆ ಬೆರಳು ಹೆಚ್ಚುಕಡಿಮೆ ಟಿಕಾಲ್ ಮೇಲೇ ಬಂದು ನಿಲ್ಲುತ್ತದೆ.

ಈ ಮೇ 9ರಂದು ನಮ್ಮ ಓಣಿಯ ಮಕ್ಕಳನ್ನು ಮಾಳಿಗೆ ಮೇಲೆ ಕರೆದುಕೊಂಡು ಹೋಗಿದ್ದೆ. ಒಂದು ಪರ್ಸಿ ಕಲ್ಲು, ಅದರ ಮೇಲೆ ಗೇಣುದ್ದದ ಪ್ಲಾಸ್ಟಿಕ್ ಪೈಪು. ಬರಿಗಾಲು ಸುಡುತ್ತಿತ್ತು, ಮಕ್ಕಳು ಒಂದು ಕಾಲು ಎತ್ತಿ ಒಂದು ಕಾಲು ಇಡುತ್ತಿದ್ದರು. 12 ಗಂಟೆ 10 ನಿಮಿಷಕ್ಕೆ ಪೈಪಿನ ಬುಡದಲ್ಲಿ ಉಗುರಿನಷ್ಟು ನೆರಳಿತ್ತು. 12 ಗಂಟೆ 19 ನಿಮಿಷಕ್ಕೆ ಅದೂ ಇಲ್ಲ. ಆರನೇ ಕ್ಲಾಸಿನ ಹುಡುಗಿಯೊಬ್ಬಳು ಬಗ್ಗಿ ಪೈಪಿನ ಬಾಯಿಗೆ ಕೈ ಅಡ್ಡ ಹಿಡಿದಳು, ತೆಗೆದಳು, ಮತ್ತೆ ಹಿಡಿದಳು. ಒಳಗೆ ತಳದಲ್ಲಿ ರೂಪಾಯಿಯಷ್ಟು ದುಂಡಗೆ ಬಿಸಿಲು ಬಿದ್ದಿತ್ತು! ಮೆಕ್ಸಿಕೊದ ಶೋಚಿಕಾಲ್ಕೊ ಎಂಬಲ್ಲಿ, ಇದನ್ನೇ ನೋಡುವುದಕ್ಕೆ ಗುಹೆಯ ಚಾವಣಿಗೆ ಕೊಳವೆಯಂಥ ಕಿಂಡಿ ತೋಡಿದ್ದಾರೆ. ಅದು ಮಾಯಾ ಊರಲ್ಲ, ಅವರ ನೆರೆಯವರದು. ಆದರೆ ಆ ಸೀಮೆಯ ಜನರೆಲ್ಲ ಈ ಗಳಿಗೆಗಾಗಿ ಕಾಯುತ್ತಿದ್ದರು. ಸೂರ್ಯ ನೆತ್ತಿಗೆ ಬಂದ ಅಂದರೆ ಮಳೆ ಹತ್ತಿರ ಬಂತು ಅಂತ ಅರ್ಥ. ನಮಗೂ ಹಾಗೇ ಅಲ್ವಾ, ಮೇ ಕಳೆದರೆ ಮಿರಗ.

ಈಗಿನ ದಕ್ಷಿಣ ಮೆಕ್ಸಿಕೊ, ಗ್ವಾಟೆಮಾಲಾ, ಬೆಲೀಜ್, ಹೊಂಡುರಾಸ್ ಮತ್ತು ಎಲ್ ಸಾಲ್ವಡಾರ್‌ನ ಪಶ್ಚಿಮ ಭಾಗ, ಇದು ಮಾಯಾ ನಾಡು. ಒಬ್ಬನೇ ಚಕ್ರವರ್ತಿ ಎಂದೂ ಇರಲಿಲ್ಲ. ಹತ್ತಾರು ನಗರಗಳು, ಒಂದೊಂದಕ್ಕೂ ಒಬ್ಬ ದೊರೆ. ಮದುವೆ, ಜಗಳ, ಯುದ್ಧ, ಮತ್ತೆ ಮದುವೆ. ಕ್ರಿ.ಶ. 250ರಿಂದ 900ರವರೆಗೆ ಅವರ ಏಳಿಗೆಯ ಕಾಲ. ಟಿಕಾಲ್‌ನಲ್ಲಿ ತಾರೀಖು ಕೆತ್ತಿದ ಕೊನೆಯ ಕಲ್ಲು ನಿಂತದ್ದು 869ರಲ್ಲಿ. ಆಗ ನಮ್ಮ ಸೇಡಂ ತಾಲೂಕಿನ ಮಳಖೇಡದಲ್ಲಿ ನೃಪತುಂಗ ಆಳುತ್ತಿದ್ದ. ಅವನ ಆಳ್ವಿಕೆ 814ರಿಂದ 878. ಕಾಗಿಣಾ ದಂಡೆಯಲ್ಲಿ ಕವಿರಾಜಮಾರ್ಗದ ಕನ್ನಡ ಹುಟ್ಟಿದ್ದ ಕಾಲಕ್ಕೆ, ಅದೇ ಅಕ್ಷಾಂಶದ ಆ ತುದಿಯಲ್ಲಿ ಒಬ್ಬ ಕಲ್ಲುಕುಟಿಗ ತನ್ನ ಊರಿನ ಕೊನೆಯ ತಾರೀಖನ್ನು ಕೆತ್ತುತ್ತಿದ್ದ. ಮಳಖೇಡದ ಕೋಟೆಗೆ ಹೋದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಪ್ರಶ್ನೆ: ಮಹಾಭಾರತದ ಮಯಾಸುರನೇ ಅಲ್ಲಿಗೆ ಹೋಗಿ ಮಾಯಾ ನಾಗರಿಕತೆ ಕಟ್ಟಿದ ಎಂದು ಒಬ್ಬರು ಭಾಷಣದಲ್ಲಿ ಹೇಳಿದರು. ನನ್ನ ಮಗ, ಅಲ್ಲ, ಬೇರೆ ಗ್ರಹದವರು ಬಂದು ಕಟ್ಟಿದ್ದು ಅಂತಾನೆ. ಯಾವುದು ನಿಜ?
– ಓದುಗರೊಬ್ಬರು, ಶಹಾಪುರ, ಯಾದಗಿರಿ ಜಿಲ್ಲೆ

ಎರಡೂ ಅಲ್ಲ. ಮಯ ಮತ್ತು ಮಾಯಾ, ಬರೀ ಉಚ್ಚಾರದ ಹೋಲಿಕೆ. ಅವರು ತಮ್ಮನ್ನು ತಾವು ತಮ್ಮ ಊರಿನ ಹೆಸರಿನಿಂದಲೇ ಕರೆದುಕೊಳ್ಳುತ್ತಿದ್ದರು. ಎಲ್ಲರನ್ನೂ ಸೇರಿಸಿ 'ಮಾಯಾ' ಅನ್ನುವುದು ಆಮೇಲೆ ಬಂದ ರೂಢಿ. ಸ್ವಲ್ಪ ಯೋಚಿಸಿ. ನಮ್ಮ ಕಡೆಯವರು ಯಾರಾದರೂ ಹೋಗಿ ಊರು ಕಟ್ಟಿದ್ದರೆ ಜತೆಗೆ ಏನು ಒಯ್ಯುತ್ತಿದ್ದರು? ಎತ್ತು, ಬಂಡಿ, ಕಬ್ಬಿಣದ ಕುಡ, ಬಿಳಿಜೋಳದ ಬೀಜ. ಇವುಗಳಲ್ಲಿ ಒಂದೂ ಅಲ್ಲಿರಲಿಲ್ಲ. ಅಲ್ಲಿದ್ದದ್ದು ಮೆಕ್ಕೆಜೋಳ, ಮೆಣಸಿನಕಾಯಿ, ಕೋಕೊ. ಇವುಗಳಲ್ಲಿ ಒಂದೂ ಆಗ ನಮ್ಮಲ್ಲಿರಲಿಲ್ಲ. ನಾವು ಖಾರ ಅಂತ ರೊಟ್ಟಿಗೆ ಹಚ್ಚಿಕೊಳ್ಳುವ ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು.

ಇನ್ನು ಬೇರೆ ಗ್ರಹದವರ ಮಾತು. ಪಲೆಂಕೆ ಎಂಬ ನಗರದಲ್ಲಿ ಪಾಕಾಲ್ ಎಂಬ ದೊರೆ 12ನೇ ವಯಸ್ಸಿಗೆ ಪಟ್ಟಕ್ಕೆ ಬಂದು, 615ರಿಂದ 683ರವರೆಗೆ, 68 ವರ್ಷ ಆಳಿದ. ಅವನ ಸಮಾಧಿ 1952ರಲ್ಲಿ ಗುಡಿಯ ತಳದಲ್ಲಿ ಸಿಕ್ಕಿತು. ಅದರ ಮುಚ್ಚಳದ ಕಲ್ಲಿನಲ್ಲಿ ಅವನು ಹಿಂದಕ್ಕೆ ಒರಗಿದಂತೆ ಇದ್ದಾನೆ. ಅದನ್ನು ಅಡ್ಡಲಾಗಿ ತಿರುಗಿಸಿ 'ರಾಕೆಟ್ ನಡೆಸುತ್ತಿದ್ದಾನೆ' ಅಂತ ಪ್ರಚಾರ ಮಾಡಿದರು. ನೆಟ್ಟಗೆ ಹಿಡಿದು ನೋಡಿದರೆ ಅದು ಲೋಕದ ನಡುವೆ ನಿಂತ ದೊಡ್ಡ ಮರ, ಕೆಳಗೆ ಪಾತಾಳದ ಬಾಯಿ, ನಡುವೆ ಸತ್ತು ಹುಟ್ಟುವ ದೊರೆ. ನಿಮ್ಮ ಮಗನಿಗೆ ಆ ಚಿತ್ರ ನೆಟ್ಟಗೆ ಹಿಡಿದು ತೋರಿಸಿ. ಕಟ್ಟಿದವರ ಬೆವರನ್ನು ಬೇರೆಯವರ ಲೆಕ್ಕಕ್ಕೆ ಬರೆಯಬಾರದು. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

ಪ್ರಶ್ನೆ: ಮಾಯಾ ಪಂಚಾಂಗದಲ್ಲಿ ವರ್ಷಕ್ಕೆ 260 ದಿನ ಅಂತ ಒಂದು ಕಡೆ ಓದಿದೆ, 365 ಅಂತ ಇನ್ನೊಂದು ಕಡೆ. ಎರಡರಲ್ಲಿ ಯಾವುದು ಸರಿ? 2012ಕ್ಕೆ ಪ್ರಳಯ ಅಂತ ಅವರು ಬರೆದಿದ್ದು ಯಾಕೆ?
– ಪಿಯುಸಿ ವಿದ್ಯಾರ್ಥಿನಿ, ಬೀದರ್

ಎರಡೂ ಸರಿ, ತಂಗಿ. ಅವರು ಎರಡನ್ನೂ ಒಟ್ಟಿಗೆ ನಡೆಸುತ್ತಿದ್ದರು. ನಾನು ಗಣಿತ ಕಲಿಸಿದವಳು, ಇದು ನನಗೆ ತುಂಬಾ ಇಷ್ಟದ ಪಾಠ. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ನಮ್ಮ ಮನೆ ನೋಡು. ನಮ್ಮ ಮುತ್ಯಾನ ಟ್ರಂಕಿನಲ್ಲಿ ಹೊಲದ ಕಾಗದಗಳಿವೆ. ನಿಜಾಮರ ಕಾಲದವು, ಉರ್ದುವಿನಲ್ಲಿವೆ. ಅದರಲ್ಲಿ ವರ್ಷ 1351 ಅಂತಿದೆ. ಚಿಕ್ಕವಳಿದ್ದಾಗ ಇದು ಆರುನೂರು ವರ್ಷ ಹಳೆಯದು ಅಂದುಕೊಂಡಿದ್ದೆ. ಅದು ಫಸಲಿ ವರ್ಷ, 590 ಕೂಡಿಸಿದರೆ ಇಂಗ್ಲಿಷ್ ಇಸವಿ. ಅಂದರೆ 1941ರ ಕಾಗದ. ಅದೇ ಮನೆಯ ಗೋಡೆಗೆ ಶಾಲಿವಾಹನ ಶಕೆಯ ಪಂಚಾಂಗ. ಪಕ್ಕದ ಮನೆಯವರು ಮೊಹರಂಗೆ ಹಿಜರಿ ಲೆಕ್ಕ ನೋಡುತ್ತಿದ್ದರು. ಶಾಲೆಗೆ ಇಂಗ್ಲಿಷ್ ತಾರೀಖು. ದಿನ ಒಂದೇ, ಅದರ ಮೇಲೆ ಉರುಳುವ ಗಾಲಿ ನಾಲ್ಕು. ಕಲ್ಯಾಣ ಕರ್ನಾಟಕದವರಿಗೆ ಮಾಯಾ ಪಂಚಾಂಗ ಕಷ್ಟ ಆಗಬಾರದು.

ಅವರ ಒಂದು ಗಾಲಿಯಲ್ಲಿ 1ರಿಂದ 13ರವರೆಗೆ ಅಂಕಿ. ಇನ್ನೊಂದರಲ್ಲಿ 20 ದಿನಗಳ ಹೆಸರು. ಎರಡೂ ಒಟ್ಟಿಗೆ ಒಂದೊಂದು ಹಲ್ಲು ಮುಂದಕ್ಕೆ ಹೋಗುತ್ತವೆ. 1 ಇಮಿಶ್, 2 ಇಕ್, 3 ಅಕ್ಬಾಲ್, ಹೀಗೆ 13 ಬೆನ್‌ವರೆಗೆ. ಮಾರನೇ ದಿನ ಅಂಕಿ ಮತ್ತೆ 1, ಆದರೆ ಹೆಸರು ಮುಂದಿನದು: 1 ಇಶ್. ಮತ್ತೆ 1 ಇಮಿಶ್ ಬರಬೇಕಾದರೆ 13ನ್ನು 20ರಿಂದ ಗುಣಿಸು, 260 ದಿನ. ಇದು ಪೂಜೆ, ಶಕುನ, ಹೆಸರಿಡುವುದು, ಇವಕ್ಕೆಲ್ಲ ಬಳಸುವ ಲೆಕ್ಕ. 260 ಯಾಕೆ ಅಂತ ಕೇಳಿದರೆ, ಬಸುರಿನ ಒಂಬತ್ತು ತಿಂಗಳನ್ನು ತೋರಿಸುವ ವಿದ್ವಾಂಸರಿದ್ದಾರೆ.

ಎರಡನೆಯದು ಹಾಬ್, ಅಂದರೆ ಬೇಸಾಯದ ವರ್ಷ. 20 ದಿನಗಳ 18 ತಿಂಗಳು, ಅಲ್ಲಿಗೆ 360. ಉಳಿದ 5 ದಿನಕ್ಕೆ ವಯೆಬ್ ಅಂತ ಹೆಸರು. ಆ ಐದು ದಿನ ಕೆಟ್ಟವು, ಹೊರಗೆ ಹೊರಡುವುದಿಲ್ಲ, ಹೊಸ ಕೆಲಸ ಹಿಡಿಯುವುದಿಲ್ಲ. ಒಟ್ಟು 365.

ಸೋಮವಾರ ಪ್ರತಿ ವಾರ ಬರುತ್ತದೆ, ಅಮಾವಾಸ್ಯೆ ಪ್ರತಿ ತಿಂಗಳು ಬರುತ್ತದೆ. ಎರಡೂ ಕೂಡಿದ ಸೋಮಾವತಿ ಅಮಾವಾಸ್ಯೆ ಅಪರೂಪ. ಹಾಗೇ 260ರ ಗಾಲಿ ಮತ್ತು 365ರ ಗಾಲಿ ಹೊರಟ ಜಾಗದಲ್ಲೇ ಮತ್ತೆ ಕೂಡುವುದು ಯಾವಾಗ? ಲ.ಸಾ.ಅ. ತೆಗೆ. ಎರಡಕ್ಕೂ 5 ಸಾಮಾನ್ಯ. 260 ಗುಣಿಸು 73, ಇಲ್ಲವೇ 365 ಗುಣಿಸು 52. ಎರಡೂ 18,980 ದಿನ. ಅಂದರೆ 52 ವರ್ಷ. ನಮಗೆ ಪ್ರಭವ ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುವಂತೆ ಅವರಿಗೆ 52. ಒಬ್ಬ ಮನುಷ್ಯ ಅದನ್ನು ಎರಡು ಸಲ ಕಂಡರೆ ದೊಡ್ಡ ಪುಣ್ಯ.

ಆದರೆ 52 ವರ್ಷಕ್ಕೂ ಹಿಂದಿನ ಮಾತನ್ನು ಕಲ್ಲಿನಲ್ಲಿ ಹೇಗೆ ಬರೆಯುವುದು? ಅದಕ್ಕೆ ಮೂರನೆಯದು, ಉದ್ದ ಲೆಕ್ಕ. ಒಂದು ಮೊದಲ ದಿನ ಹಿಡಿದು, ಅಲ್ಲಿಂದ ಎಷ್ಟು ದಿನ ಆಯಿತು ಅಂತ ಎಣಿಸುತ್ತಾ ಹೋಗುವುದು. ನಮ್ಮ ಜ್ಯೋತಿಷಿಗಳು ಕಲಿಯುಗದ ಮೊದಲಿಂದ ಎಣಿಸುವ ಅಹರ್ಗಣ ಇದೇ. ಕಲಿಯುಗದ ಆರಂಭ ಕ್ರಿ.ಪೂ. 3102 ಅನ್ನುತ್ತಾರೆ, ಮಾಯಾ ಲೆಕ್ಕದ ಮೊದಲ ದಿನ ಕ್ರಿ.ಪೂ. 3114ರ ಆಗಸ್ಟ್ 11. ಹತ್ತಿರ ಇವೆ, ಆದರೆ ಅದು ಕಾಕತಾಳೀಯ. ಅದರ ಮೇಲೆ ಕಥೆ ಕಟ್ಟಬೇಡ.

ಬರೆಯುವುದಕ್ಕೆ ಅವರಿಗೆ ಮೂರೇ ಗುರುತು ಸಾಕು. ಒಂದಕ್ಕೆ ಚುಕ್ಕೆ, ಐದಕ್ಕೆ ಅಡ್ಡಗೆರೆ, ಸೊನ್ನೆಗೆ ಚಿಪ್ಪು. ಹೌದು, ಸೊನ್ನೆ. ನಮ್ಮ ಸೊನ್ನೆ ನಮ್ಮದು, ಅವರ ಸೊನ್ನೆ ಅವರದು. ಯಾರೂ ಯಾರಿಂದಲೂ ಕಲಿತದ್ದಲ್ಲ. ನಾವು ಸ್ಥಾನ ಬದಲಾದಂತೆ ಹತ್ತರಿಂದ ಹೆಚ್ಚಿಸುತ್ತೇವೆ, ಅವರು ಇಪ್ಪತ್ತರಿಂದ. ಕೈಬೆರಳು, ಕಾಲ್ಬೆರಳು ಎರಡೂ ಎಣಿಸಿದರೆ ಇಪ್ಪತ್ತು ತಾನೇ. ದಿನದ ಲೆಕ್ಕದಲ್ಲಿ ಮಾತ್ರ ಒಂದು ಮನೆ 18. 20 ದಿನಕ್ಕೆ ಒಂದು ವಿನಾಲ್, 18 ವಿನಾಲ್ ಸೇರಿ 360 ದಿನದ ತುನ್, 20 ತುನ್ ಒಂದು ಕಾತುನ್, 20 ಕಾತುನ್ ಒಂದು ಬಾಕ್ತುನ್, ಅಂದರೆ 1,44,000 ದಿನ. 1948ರ ಸೆಪ್ಟೆಂಬರ್ 17, ನಮ್ಮ ಹೈದರಾಬಾದ್ ಕರ್ನಾಟಕದ ವಿಮೋಚನೆಯ ದಿನ. ಮಾಯಾ ಲೆಕ್ಕದಲ್ಲಿ ಅದು 12 ಬಾಕ್ತುನ್, 16 ಕಾತುನ್, 14 ತುನ್, 14 ವಿನಾಲ್, 9 ದಿನ. 260ರ ಗಾಲಿಯಲ್ಲಿ ಆ ದಿನದ ಹೆಸರು 11 ಮುಲುಕ್. ನಾನೇ ಕೂತು ತೆಗೆದದ್ದು. ನೀನೂ ತೆಗೆದು ನೋಡು, ಬರಬೇಕು.

ಈಗ 2012. ಆ ವರ್ಷ ಡಿಸೆಂಬರ್ 21ಕ್ಕೆ 13ನೇ ಬಾಕ್ತುನ್ ತುಂಬಿತು. 18,72,000 ದಿನ. ಸ್ಕೂಟರಿನ ಮೀಟರ್‌ನಲ್ಲಿ ಒಂಬತ್ತುಗಳೆಲ್ಲ ಸೊನ್ನೆ ಆದ ಹಾಗೆ. ಅಷ್ಟೇ. ಪ್ರಳಯ ಅಂತ ಮಾಯಾ ಜನ ಎಲ್ಲೂ ಕೆತ್ತಿಲ್ಲ. ಅದೇ ಪಾಕಾಲ್‌ನ ಊರಿನ ಶಾಸನದಲ್ಲಿ, ಅವನು ಪಟ್ಟಕ್ಕೆ ಬಂದ ದಿನ ಆ 52 ವರ್ಷದ ಸುತ್ತಿನಲ್ಲಿ 80ನೇ ಸಲ ತಿರುಗಿ ಬರುವುದು ಯಾವಾಗ ಅಂತ ಲೆಕ್ಕ ಹಾಕಿದ್ದಾರೆ. ಅದು ಬರುವುದು ಕ್ರಿ.ಶ. 4772ರಲ್ಲಿ! ಲೋಕ ಮುಗಿಯುತ್ತದೆ ಅಂದುಕೊಂಡವರು ಆ ಹಬ್ಬದ ದಿನ ಗುರುತು ಹಾಕಿಡುತ್ತಾರಾ? 2012ರ ಆ ವಾರ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ನನ್ನ ಹತ್ತಿರ ಬಂದು, "ಅಕ್ಕೋರೆ, ಸಾಯೋದೇ ಆದ್ರ ನಾ ಊರಿಗಿ ಹೋಗಿ ನಮ್ಮವ್ವನ ಹಂತೇಲಿ ಇರ್ತೀನ್ರಿ" ಅಂದ. ಹಾಸ್ಟೆಲ್ ಹುಡುಗ. ಟಿವಿಯಲ್ಲಿ ಮೂರು ದಿನದಿಂದ ಅದೇ ತೋರಿಸುತ್ತಿದ್ದರು. ಅವನ ಮುಖ ನನಗೆ ಇನ್ನೂ ಮರೆತಿಲ್ಲ. ಅವತ್ತು ಬೋರ್ಡಿನ ಮೇಲೆ ಈ ಗಾಲಿಗಳನ್ನು ಮೊದಲ ಸಲ ಬರೆದೆ.

ಪ್ರಶ್ನೆ: ಕಬ್ಬಿಣ ಇಲ್ಲ, ಎತ್ತು ಇಲ್ಲ ಅಂದರೆ ಅಷ್ಟೆತ್ತರದ ಗುಡಿ ಹೇಗೆ ಕಟ್ಟಿದರು?
– ಗೌಂಡಿ ಕೆಲಸದವರು, ಶಹಾಬಾದ್

ನಿಮ್ಮಿಂದಲೇ ಈ ಪ್ರಶ್ನೆ ಬಂದದ್ದು ಖುಷಿ ಆಯಿತು. ನಮ್ಮಪ್ಪ ಶಹಾಬಾದಿನ ಖಣಿಯಲ್ಲಿ ಕಲ್ಲು ಎಬ್ಬಿಸುತ್ತಿದ್ದರು. ಅವರದೂ ನಿಮ್ಮದೂ ಮಾಯಾ ಜನರದೂ ಒಂದೇ ಕಲ್ಲು, ಸುಣ್ಣದ ಕಲ್ಲು. ನೆಲದೊಳಗೆ ಇರುವಾಗ ಸ್ವಲ್ಪ ಮೆತ್ತಗೆ, ಗಾಳಿಗೆ ಬಂದ ಮೇಲೆ ಗಟ್ಟಿ ಆಗುವ ಜಾತಿಯದು ಅವರಿಗೆ ಸಿಕ್ಕಿತ್ತು. ಬೆಣಚಿನಂಥ ಗಟ್ಟಿ ಕಲ್ಲಿನ ಉಳಿಯಿಂದ ಅದನ್ನು ಕಡಿದರು. ಚೂರುಗಳನ್ನು ಸುಟ್ಟು ಸುಣ್ಣ ಮಾಡಿ ಗಾರೆ ಕಲಸಿದರು. ಬಂಡಿ ಇಲ್ಲದ ಕಾರಣ ಹೊರೆಯೆಲ್ಲ ಬೆನ್ನ ಮೇಲೆ, ಹಣೆಗೆ ಪಟ್ಟಿ ಕಟ್ಟಿಕೊಂಡು. ಟಿಕಾಲ್‌ನ ನಾಲ್ಕನೇ ಗುಡಿ ಸುಮಾರು 65 ಮೀಟರ್ ಎತ್ತರ, ನಮ್ಮ ಗೋಳಗುಮ್ಮಟಕ್ಕಿಂತ ಜಾಸ್ತಿ. ಕಮಾನಿನ ನಡುಗಲ್ಲು ಅವರು ಬಳಸಲಿಲ್ಲ. ಎರಡೂ ಕಡೆಯಿಂದ ಒಂದೊಂದೇ ಸಾಲು ಒಳಗೆ ಚಾಚುತ್ತಾ ಹೋಗಿ ಮೇಲೆ ಒಂದು ಕಲ್ಲು ಮುಚ್ಚುತ್ತಿದ್ದರು. ಹಾಗಾಗಿ ಕೋಣೆಗಳು ಅಗಲ ಕಡಿಮೆ. ಇದು ನಿಮಗೆ ಹೇಳಬೇಕಾಗಿಲ್ಲ.

ಅದೇ ಸುಣ್ಣವನ್ನು ಅವರ ಹೆಣ್ಣುಮಕ್ಕಳು ಅಡುಗೆಗೂ ತಂದರು. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ನೆನೆಸಿಟ್ಟು, ತೊಳೆದು, ರುಬ್ಬಿ ರೊಟ್ಟಿ ಮಾಡುವುದು. ಸುಮ್ನೆ ಬೇಯಿಸಿದರೆ ಆ ಕಾಳಿನಲ್ಲಿರುವ ನಯಾಸಿನ್ ಎಂಬ ಜೀವಸತ್ವ ಮೈಗೆ ಹತ್ತುವುದಿಲ್ಲ. ಸುಣ್ಣ ಅದನ್ನು ಬಿಡಿಸಿಕೊಡುತ್ತದೆ. ಮೆಕ್ಕೆಜೋಳ ಯುರೋಪಿಗೆ ಹೋಯಿತು, ಈ ಉಪಾಯ ಹೋಗಲಿಲ್ಲ. ಅದನ್ನೇ ತಿಂದು ಬದುಕಿದ ಬಡವರಿಗೆ ಅಲ್ಲಿ ಪೆಲಾಗ್ರಾ ಎಂಬ ರೋಗ ಹತ್ತಿತು. ನನ್ನ ಮಟ್ಟಿಗೆ ಇದು ಪಿರಮಿಡ್ಡಿಗಿಂತ ದೊಡ್ಡ ಸಾಧನೆ.

ಪ್ರಶ್ನೆ: ನಾಗರ ಪಂಚಮಿಗೆ ನಮ್ಮ ಕಂದಕೂರಿನ ಗುಡ್ಡದಲ್ಲಿ ಚೇಳನ್ನು ಕೈಮೇಲೆ ಬಿಟ್ಟುಕೊಳ್ಳುತ್ತೇವೆ, ಹುತ್ತಕ್ಕೆ ಹಾಲೆರೆಯುತ್ತೇವೆ. ಮಾಯಾ ಜನರೂ ಹಾವನ್ನು ಪೂಜಿಸುತ್ತಿದ್ದರಂತೆ. ಯಾವ ಹಾವು?
– ಗೃಹಿಣಿ, ಗುರುಮಠಕಲ್

ಗರಿ ಇರುವ ಹಾವು, ಅಕ್ಕಾ. ಹೆಸರು ಕುಕುಲ್ಕಾನ್. ಕೆಟ್ಸಾಲ್ ಅಂತ ಅಲ್ಲಿ ಒಂದು ಹಕ್ಕಿ ಇದೆ, ನವಿಲಿನಂತೆ ಹಸಿರು ಹೊಳಪು, ಮೈಗಿಂತ ಉದ್ದ ಬಾಲ. 'ಕುಕ್' ಅಂದರೆ ಅದರ ಗರಿ, 'ಕಾನ್' ಅಂದರೆ ಹಾವು. ಈ 'ಕಾನ್' ಅನ್ನುವ ಒಂದೇ ಸದ್ದಿಗೆ ಅವರಲ್ಲಿ ಹಾವು, ಆಕಾಶ, ನಾಲ್ಕು, ಮೂರೂ ಅರ್ಥ. ಹಾಗಾಗಿ ಚಿತ್ರದಲ್ಲಿ ಆಕಾಶವೇ ಹಾವಾಗಿ ಬಾಗುತ್ತದೆ. ನೆಲದಲ್ಲಿ ಹರಿಯುವುದು ಮೇಲೆ ಹಾರುತ್ತದೆ. ಗ್ವಾಟೆಮಾಲಾದ ಚೊರ್ತಿ ಮಾಯಾ ಜನರ ನಂಬಿಕೆ ಕೇಳಿ: ಚಿಕ್ಚಾನ್ ಎಂಬ ದೊಡ್ಡ ಹಾವುಗಳು ಆಕಾಶದ ನಾಲ್ಕು ದಿಕ್ಕಿಗೂ ಇವೆ, ಮಳೆ ತರುವವು ಅವೇ, ಗುಡುಗೂ ಅವುಗಳದೇ. ಆ 20 ದಿನಗಳ ಹೆಸರಿನಲ್ಲಿ ಐದನೆಯದು ಚಿಕ್ಚಾನ್, ಹಾವಿನ ದಿನ. ನಮಗೂ ಐದನೇ ತಿಥಿ, ಪಂಚಮಿ. ಇದೂ ಕಾಕತಾಳೀಯವೇ. ಆದರೆ ಓದಿದಾಗ ಮೈ ಜುಂ ಎಂದಿತು, ನಿಜ ಹೇಳುತ್ತೇನೆ.

ನಮ್ಮ ಆಯಿ ಪಂಚಮಿ ದಿನ ಹುತ್ತದ ಮುಂದೆ ಕೂತು ಹಾಲೆರೆಯುತ್ತಾ ಒಬ್ಬೊಬ್ಬರ ಹೆಸರು ಹೇಳುತ್ತಿದ್ದಳು. "ದೇವರ ಪಾಲು, ಅಪ್ಪನ ಪಾಲು, ಅವ್ವನ ಪಾಲು." ಮನೆಯಲ್ಲಿಲ್ಲದವರ ಪಾಲೂ, ಸತ್ತವರ ಪಾಲೂ. ಅವತ್ತು ಹೊಲದಲ್ಲಿ ನೇಗಿಲು ಹೂಡುವಂತಿಲ್ಲ, ನೆಲ ಅಗೆಯುವಂತಿಲ್ಲ. ಹಾವಿನ ಮೂಲಕ ಹಿರಿಯರ ಹತ್ತಿರ ಮಾತಾಡುವುದು ಮಾಯಾ ಜನರಿಗೂ ಗೊತ್ತಿತ್ತು, ಆದರೆ ಅವರ ದಾರಿ ಕಠಿಣ. ಯಶ್ಚಿಲಾನ್ ಎಂಬ ಊರಿನ ಬಾಗಿಲಿನ ಮೇಲ್ಗಲ್ಲುಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಒಂದರಲ್ಲಿ ಶೋಕ್ ಎಂಬ ರಾಣಿ ಮಂಡಿ ಊರಿ ಕೂತು, ಮುಳ್ಳು ಪೋಣಿಸಿದ ಹಗ್ಗವನ್ನು ತನ್ನ ನಾಲಿಗೆಯಿಂದ ಎಳೆಯುತ್ತಿದ್ದಾಳೆ. ಪಕ್ಕದಲ್ಲಿ ರಾಜ ಪಂಜು ಹಿಡಿದು ನಿಂತಿದ್ದಾನೆ. ಇನ್ನೊಂದರಲ್ಲಿ, ರಕ್ತ ಬಿದ್ದ ಕಾಗದಗಳ ಬಟ್ಟಲಿನಿಂದ ಒಂದು ದೊಡ್ಡ ಹಾವು ಹೊಗೆಯ ಹಾಗೆ ಸುತ್ತಿಕೊಂಡು ಏಳುತ್ತದೆ. ಅದರ ತೆರೆದ ಬಾಯಿಯಿಂದ ಈಟಿ ಹಿಡಿದ ಒಬ್ಬ ವೀರ ಹೊರಗೆ ಬರುತ್ತಾನೆ. ರಾಣಿ ತಲೆ ಎತ್ತಿ ಅವನನ್ನು ನೋಡುತ್ತಿದ್ದಾಳೆ. ಓದುವವರಿಗೆ ಇದು ಕ್ರೂರ ಅನಿಸಬಹುದು. ವೀರಭದ್ರನ ಗುಗ್ಗಳದಲ್ಲಿ ನಮ್ಮ ಪುರವಂತರು ಒಡಪು ಹೇಳುತ್ತಾ ಗಲ್ಲಕ್ಕೆ ಶಸ್ತ್ರ ಹಾಕಿಕೊಳ್ಳುವುದನ್ನು ಹತ್ತಿರದಿಂದ ಕಂಡ ನಮಗೆ, ಆ ರಾಣಿಯ ಮುಖದಲ್ಲಿರುವುದು ನೋವಲ್ಲ, ಭಕ್ತಿ ಅಂತ ತಿಳಿಯುತ್ತದೆ. ಅವರಲ್ಲಿ ನರಬಲಿಯೂ ಇತ್ತು. ಅದನ್ನು ಮುಚ್ಚಿಡುವುದು ಬೇಡ. ಚಿಚೆನ್ ಇಟ್ಸಾ ಎಂಬ ನಗರದ ದೊಡ್ಡ ನೀರಿನ ಕುಳಿಯಲ್ಲಿ ಹಸಿರು ಮಣಿ, ಚಿನ್ನದ ಜತೆ ಮನುಷ್ಯರ, ಮಕ್ಕಳ ಮೂಳೆಗಳೂ ಸಿಕ್ಕಿವೆ. ಆ ಸೀಮೆಯಲ್ಲಿ ನೆಲದ ಮೇಲೆ ಹೊಳೆಯೇ ಹರಿಯುವುದಿಲ್ಲ. ಸುಣ್ಣದ ಕಲ್ಲು ಕುಸಿದು ಆದ ಆ ಕುಳಿಗಳೇ ನೀರಿಗೆ ಆಧಾರ. ಮಳೆ ಹೋದರೆ ಎಲ್ಲ ಹೋಯಿತು.

ಅದೇ ಚಿಚೆನ್ ಇಟ್ಸಾದಲ್ಲಿ ಕುಕುಲ್ಕಾನನ ಗುಡಿ ಇದೆ. ಒಂಬತ್ತು ಅಂತಸ್ತಿನ ಪಿರಮಿಡ್. ನಾಲ್ಕು ಕಡೆ ಮೆಟ್ಟಿಲು, ಒಂದೊಂದು ಕಡೆ 91. ಒಟ್ಟು 364, ಮೇಲಿನ ಜಗಲಿ ಸೇರಿ 365. ಉತ್ತರದ ಮೆಟ್ಟಿಲಿನ ಬುಡದಲ್ಲಿ ಬಾಯಿ ತೆರೆದ ಹಾವಿನ ಹೆಡೆಗಳು. ಹಗಲು ರಾತ್ರಿ ಸಮ ಇರುವ ಮಾರ್ಚ್ ಮತ್ತು ಸೆಪ್ಟೆಂಬರ್ ದಿನಗಳಲ್ಲಿ, ಸಂಜೆ ಬಿಸಿಲಿಗೆ ಅಂತಸ್ತುಗಳ ಮೂಲೆ ಮೆಟ್ಟಿಲಿನ ಪಕ್ಕದ ಗೋಡೆಯ ಮೇಲೆ ನೆರಳು ಹಾಕುತ್ತದೆ. ಬೆಳಕಿನ ಏಳು ತ್ರಿಕೋನಗಳು ಸಾಲಾಗಿ ಮೂಡಿ ಕೆಳಗಿನ ಹೆಡೆಗೆ ಸೇರುತ್ತವೆ. ಹಾವು ಮೇಲಿನಿಂದ ಇಳಿದು ಬಂದ ಹಾಗೆ.

ನಿವೃತ್ತಿಗೆ ಮುಂಚಿನ ವರ್ಷ ಮಾರ್ಚ್‌ನಲ್ಲಿ ಇದನ್ನು ಶಾಲೆಯ ಅಂಗಳದಲ್ಲಿ ಮಾಡಿ ನೋಡಿದೆವು. ಖಣಿಯಿಂದ ಒಡೆದ ಪರ್ಸಿ ಚೂರು ತಂದು, ದೊಡ್ಡದರ ಮೇಲೆ ಚಿಕ್ಕದು, ಒಂಬತ್ತು ಇಟ್ಟೆವು. ಒಂದು ಬದಿಗೆ ಉದ್ದ ಪಟ್ಟಿಯನ್ನು ಓರೆಯಾಗಿ ಒರಗಿಸಿದೆವು. ಮೊದಲ ದಿನ ಬರೀ ಕಪ್ಪು ನೆರಳು, ಏನೂ ಕಾಣಲಿಲ್ಲ. ಎರಡನೇ ದಿನ ಇಡೀ ರಾಶಿಯನ್ನು ಗೇಣಿನಷ್ಟು ತಿರುಗಿಸಿದೆವು. ಮೂಲ ಗುಡಿಯೂ ನೆಟ್ಟಗೆ ಉತ್ತರಕ್ಕಿಲ್ಲ, ಸ್ವಲ್ಪ ಓರೆ ಇದೆ. ಐದು ಗಂಟೆ ಹೊತ್ತಿಗೆ ಪಟ್ಟಿಯ ಮೇಲೆ ಬೆಳಕಿನ ಹಲ್ಲುಗಳು ಒಂದೊಂದೇ ಮೂಡಿದವು. ಅಡುಗೆಯ ಅಕ್ಕ ಸೀರೆ ಸೆರಗಿಗೆ ಕೈ ಒರೆಸುತ್ತಾ ಬಂದವಳು, "ಅಯ್ಯ, ಹಾವ್ ಹರ್ದಂಗ ಆಗ್ಯದ ನೋಡ್ರಿ!" ಅಂದು ಕೈ ಮುಗಿದಳು. ಕಾಲು ಗಂಟೆ ಇತ್ತು, ಹೋಯಿತು.

ಪ್ರಶ್ನೆ: ಅವರ ಲಿಪಿಯನ್ನು ಓದಿದ್ದು ಯಾರು?
– ಶಿಕ್ಷಕರು, ಚಿತ್ತಾಪುರ

ಮೊದಲು ಸುಟ್ಟವರ ಬಗ್ಗೆ. 1562ರ ಜುಲೈ 12ರಂದು ಮೆಕ್ಸಿಕೊದ ಯುಕಾತಾನ್‌ನ ಮಾನಿ ಎಂಬ ಊರಲ್ಲಿ ದಿಯೇಗೊ ದೆ ಲಾಂಡಾ ಎಂಬ ಸ್ಪೇನ್ ಪಾದ್ರಿ ಮಾಯಾ ಪುಸ್ತಕಗಳನ್ನು ರಾಶಿ ಹಾಕಿ ಸುಟ್ಟ. ಮರದ ತೊಗಟೆಯ ಕಾಗದಕ್ಕೆ ಸುಣ್ಣ ಬಳಿದು ಬರೆದ, ಮಡಿಸಿಡುವ ಪುಸ್ತಕಗಳು ಅವು, ನಮ್ಮ ಕಡತದ ಹಾಗೆ. ಈಗ ಲೋಕದಲ್ಲಿ ಉಳಿದಿರುವುದು ನಾಲ್ಕೇ. ಅದರಲ್ಲಿ ಜರ್ಮನಿಯ ಡ್ರೆಸ್ಡನ್‌ನಲ್ಲಿರುವ ಒಂದರಲ್ಲಿ ಶುಕ್ರನ ಲೆಕ್ಕ ಇದೆ. 584 ದಿನಕ್ಕೆ ಶುಕ್ರನ ಒಂದು ಸುತ್ತು, ಅಂಥ ಐದು ಸುತ್ತು ಸರಿಯಾಗಿ 365ರ 8 ವರ್ಷ, 2,920 ದಿನ. ಬರಿಗಣ್ಣಿನಿಂದ ನೋಡಿ ಬರೆದದ್ದು.

ಅದೇ ಲಾಂಡಾ ಒಬ್ಬ ಮಾಯಾ ಲಿಪಿಕಾರನನ್ನು ಕೂರಿಸಿ "ನಿಮ್ಮ ಅ, ಬ, ಕ ಬರೆ" ಅಂದ. ಅವರದು ಅಕ್ಷರಮಾಲೆ ಅಲ್ಲ, ನಮ್ಮ ಕಾಗುಣಿತದ ಹಾಗೆ ಒಂದೊಂದು ಗುರುತಿಗೂ ಒಂದೊಂದು ಉಚ್ಚಾರ: ಕ, ಕು, ತ್ಸು. ಜತೆಗೆ ಇಡೀ ಪದದ ಗುರುತುಗಳೂ ಇವೆ. ಪಾದ್ರಿ ತನ್ನ ಸ್ಪ್ಯಾನಿಷ್ ಅಕ್ಷರದ ಹೆಸರು 'ಬೆ' ಅಂದರೆ ಅವನು 'ಬೆ' ಎಂಬ ಉಚ್ಚಾರದ ಗುರುತು ಬರೆದ. ಒಂದು ವಾಕ್ಯ ಬರೆ ಅಂದಾಗ ಆ ಲಿಪಿಕಾರ ಬರೆದದ್ದು "ಮಾ ಇನ್ ಕಾತಿ". ಅರ್ಥ, ನನಗೆ ಬೇಡ. ಆ ಬರಹದ ನಕಲು ಉಳಿಯಿತು. 1952ರಲ್ಲಿ ರಷ್ಯಾದ ಯೂರಿ ಕ್ನೊರೊಜೊವ್ ಅದನ್ನೇ ಹಿಡಿದು, 'ಕು-ತ್ಸು' ಬರೆದರೆ 'ಕುತ್ಸ್', ಅಂದರೆ ಟರ್ಕಿ ಕೋಳಿ, 'ತ್ಸು-ಲು' ಬರೆದರೆ 'ತ್ಸುಲ್', ಅಂದರೆ ನಾಯಿ, ಅಂತ ಓದಿ ತೋರಿಸಿದ. ಕೊನೆಯ ಸ್ವರ ಬಿಟ್ಟು ಓದಬೇಕು. 1960ರಲ್ಲಿ ತತಿಯಾನಾ ಪ್ರೊಸ್ಕುರಿಯಕಾಫ್ ಎಂಬ ಹೆಣ್ಣುಮಗಳು ಕಲ್ಲಿನ ತಾರೀಖುಗಳನ್ನು ಜೋಡಿಸಿ, ಇವು ದೊರೆಗಳ ಹುಟ್ಟು, ಪಟ್ಟ, ಯುದ್ಧದ ದಿನಗಳು ಅಂತ ಕಂಡುಹಿಡಿದಳು. ನಿಮ್ಮ ತಾಲೂಕಿನ ಸನ್ನತಿಯಲ್ಲಿ ಅಶೋಕನ ಶಾಸನ ಕಾಳಿಯ ವಿಗ್ರಹಕ್ಕೆ ಪೀಠವಾಗಿ ಎಷ್ಟೋ ಕಾಲ ಸುಮ್ಮನೆ ಬಿದ್ದಿತ್ತಲ್ಲ, ಅದನ್ನು ಮಕ್ಕಳಿಗೆ ತೋರಿಸುವಾಗ ಈ ಕಥೆಯನ್ನೂ ಹೇಳಿ.

ಪ್ರಶ್ನೆ: ಆ ಜನ ಎಲ್ಲಿ ಹೋದರು?
– ರೈತರು, ಔರಾದ್, ಬೀದರ್ ಜಿಲ್ಲೆ

ಎಲ್ಲೂ ಹೋಗಿಲ್ಲ. ದಕ್ಷಿಣದ ನಗರಗಳು 800ರಿಂದ 900ರ ನಡುವೆ ಬರಿದಾದವು. ಕೆರೆಗಳ ತಳದ ಮಣ್ಣು ತೆಗೆದು ನೋಡಿದರೆ ಅದು ಮತ್ತೆ ಮತ್ತೆ ಬರ ಬಿದ್ದ ಕಾಲ. ಜತೆಗೆ ಯುದ್ಧ, ಕಡಿದ ಕಾಡು, ನಂಬಿಕೆ ಕಳೆದುಕೊಂಡ ದೊರೆಗಳು. ಬರಕ್ಕೆ ಊರು ಬಿಡುವುದು ಏನು ಅಂತ ನಿಮಗೆ ನಾನು ಹೇಳಬೇಕೇ. ಜನ ಬೇರೆ ಕಡೆ ಹೋಗಿ ನೆಲೆಯಾದರು. ಇವತ್ತಿಗೂ ಲಕ್ಷಾಂತರ ಮಾಯಾ ಜನ ಅಲ್ಲೇ ಇದ್ದಾರೆ, ಸುಮಾರು 30 ಮಾಯಾ ಭಾಷೆಗಳಲ್ಲಿ ಮಾತಾಡುತ್ತಾರೆ, ಮೆಕ್ಕೆಜೋಳ ಬಿತ್ತುತ್ತಾರೆ. 1992ರ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ರಿಗೊಬೆರ್ತಾ ಮೆಂಚು ಕಿಚೆ ಮಾಯಾ ಹೆಣ್ಣುಮಗಳು. ಗ್ವಾಟೆಮಾಲಾದ ಗುಡ್ಡಗಾಡಿನಲ್ಲಿ 260ರ ಲೆಕ್ಕ ಹಿಡಿದು ದಿನ ಹೇಳುವವರು ಈಗಲೂ ಇದ್ದಾರೆ.

ಪ್ರಶ್ನೆ: ಅಜ್ಜಿ, ಆಗಸ್ಟ್ 3ಕ್ಕೂ ನೆರಳು ಇರಲ್ಲ ಅಂದಿದ್ರಿ. ಅವತ್ತು ಮೋಡ ಇದ್ರೆ ಹೇಗೆ ಗೊತ್ತಾಗುತ್ತೆ?
– ಆರನೇ ತರಗತಿ, ಕಲಬುರಗಿ (ಮಾಳಿಗೆ ಮೇಲೆ ಬಂದಿದ್ದೆ)

ನಿನ್ನ ಕೈಬರಹ ನೋಡಿಯೇ ಗೊತ್ತಾಯಿತು, ಪೈಪಿಗೆ ಕೈ ಅಡ್ಡ ಹಿಡಿದವಳು ನೀನು. ಟಿಕಾಲ್‌ನವರಿಗೂ ಇದೇ ತೊಂದರೆ. ಅಲ್ಲೂ ಆಗಸ್ಟ್ ಅಂದರೆ ಮಳೆಗಾಲ. ಅದಕ್ಕೇ ಅವರು ಎಣಿಸುತ್ತಿದ್ದರು. ಮೇ 9ರಿಂದ ಆಗಸ್ಟ್ 3ಕ್ಕೆ 86 ದಿನ. 86 ಅಂದರೆ ನಾಲ್ಕು ಇಪ್ಪತ್ತು, ಮೇಲೆ ಆರು. ಹಾಗಾಗಿ ಮೇಲಿನ ಮನೆಯಲ್ಲಿ ನಾಲ್ಕು ಚುಕ್ಕೆ, ಕೆಳಗಿನ ಮನೆಯಲ್ಲಿ ಒಂದು ಅಡ್ಡಗೆರೆ, ಅದರ ಮೇಲೆ ಒಂದು ಚುಕ್ಕೆ. ಇದನ್ನು ನಿಮ್ಮ ಕ್ಯಾಲೆಂಡರ್ ಪಕ್ಕದ ಗೋಡೆಗೆ ಸೀಮೆಸುಣ್ಣದಲ್ಲಿ ಬರೆ, ಅವ್ವನನ್ನು ಕೇಳಿ. ದಿನಕ್ಕೊಂದು ಎಣಿಸುತ್ತಾ ಬಾ. ಅವತ್ತು ಮಧ್ಯಾಹ್ನ 12 ಗಂಟೆ 29 ನಿಮಿಷಕ್ಕೆ ಮೋಡದ ಹಿಂದೆ ಅವನು ನಿನ್ನ ನೆತ್ತಿಯ ಮೇಲೇ ಇರುತ್ತಾನೆ. ಮಾಳಿಗೆಗೆ ಬಾ, ಪೈಪು ಅಲ್ಲೇ ಇಟ್ಟಿರುತ್ತೇನೆ.